ಒಪ್ಪತ್ತಿನ ಮರೆಯಲ್ಲಿ ಅರವತ್ತು ವರ್ಷ

ಮೊನ್ನೆಯ ಎಳ್ಳಮಾವಾಸ್ಯೆಯಂದು, ಪಟ್ಟದಕಲ್ಲಿನ ಆಚೆಗೆ ಮಲಪ್ರಭೆಯ ದಂಡೆಗೆ ಹತ್ತಿಕೊಂಡಿರುವ ನಮ್ಮ ಹೊಲದಲ್ಲಿ, ಜೋಳದ ಬೆಳೆಯ ಪಕ್ಕಕ್ಕೆ ಹಾಸಿದ ಜಮಖಾನದ ಮೇಲೆ, ಹನ್ನೊಂದು ಜನರ ಸಾಲಿನಲ್ಲಿ ಕುಳಿತು ನಾನು ಊಟ ಮಾಡಿದೆ. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಕೊನೆಗೊಂದು ಎಳ್ಳಿನ ಹೋಳಿಗೆ! ಹಬ್ಬದ ದಿನ ಹೊಲದಲ್ಲಿ ಉಂಡದ್ದರಲ್ಲಿ ಬರೆಯುವಂಥದ್ದೇನಿದೆ ಎಂದು ಓದುಗರು ಕೇಳಬಹುದು. ನನಗೀಗ ಅರವತ್ತೆಂಟು ವರ್ಷ. ನಾಲ್ಕು ಜನರ ನಡುವೆ ಕುಳಿತು, ತೃಪ್ತಿಯಾಗುವವರೆಗೆ ಉಂಡದ್ದು ಎಂಟನೆಯ ವಯಸ್ಸಿನ ತರುವಾಯ ಅದೇ ಮೊದಲನೆಯ ಸಲ. ಆ ದಿನದಿಂದ ನನಗೊಂದು ಹುರುಪು ಹತ್ತಿದೆ. ಯಾರಿಗಾದರೂ ಹೇಳದ ಹೊರತು ಅದು ಇಳಿಯುವಂತೆ ಕಾಣುವುದಿಲ್ಲ. ನನ್ನಂಥವರು ಇನ್ನೂ ಇದ್ದಾರೆಂದು ತಿಳಿದಿರುವುದರಿಂದ ಅವರಿಗಾಗಿಯೇ ಬರೆಯುತ್ತಿದ್ದೇನೆ.

ಹುಟ್ಟಿದ್ದು ಗುಳೇದಗುಡ್ಡದ ಮಗ್ಗದ ಮನೆಯಲ್ಲಿ. ಬಾದಾಮಿಯ ಪ್ರೌಢಶಾಲೆಯೊಂದರಲ್ಲಿ ಮೂರು ದಶಕ ಗಣಿತ ಕಲಿಸಿದೆ. ಮದುವೆಯಾಗಲಿಲ್ಲ. ಈಗ ಬಾದಾಮಿಯಲ್ಲೇ ತಮ್ಮ ಈಶ್ವರಪ್ಪ ಮತ್ತು ಅವನ ಹೆಂಡತಿ ಕಮಲವ್ವನ ಮನೆಯಲ್ಲಿದ್ದೇನೆ. ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನನ್ನನ್ನು ಮಾತ್ರ 'ನೇಮದ ಅಕ್ಕೋರು' ಎಂದರು. ದಿನಕ್ಕೆ ಒಂದೇ ಹೊತ್ತು ಉಣ್ಣುವ ವ್ರತ, ಒಪ್ಪತ್ತು, ನನ್ನಷ್ಟು ಹಿಡಿದವರು ಓಣಿಯಲ್ಲಿ ಯಾರೂ ಇರಲಿಲ್ಲ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಅಮಾವಾಸ್ಯೆ, ಹುಣ್ಣಿಮೆ, ಶ್ರಾವಣವಿಡೀ ಒಪ್ಪತ್ತು. ಮದುವೆ ಮನೆಯಲ್ಲಿ ಬಡಿಸುವವರು ಬಂದಾಗ "ಇವತ್ತ ನಂದು ಒಪ್ಪತ್ತು ಐತ್ರಿ" ಎಂದರೆ ಸಾಕು, ಒತ್ತಾಯ ಮಾಡುವ ಕೈ ಹಿಂದಕ್ಕೆ ಸರಿಯುತ್ತದೆ; ಕೆಲವರು ಬಾಗಿ ಪಾದ ಮುಟ್ಟುತ್ತಾರೆ. ಉಣ್ಣಲಾರದ ಹೆಣ್ಣೊಬ್ಬಳ ಪಾದ ಮುಟ್ಟಿ ಆಶೀರ್ವಾದ ಪಡೆದ ಜನರ ಸಂಖ್ಯೆ ಸಣ್ಣದಲ್ಲ. ಅವರೆಲ್ಲ ಒಳ್ಳೆಯವರು. ಅವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ.

ಮುಖ ನೋಡಿದವರು ಮೈ ನೋಡಿ ಆಡಿಕೊಂಡರು. ಅಂಥದ್ದನ್ನು ಮರೆಯುವ ಉದಾರತೆ ನನಗೆ ಬರಲಿಲ್ಲ. ಬರಲಿ ಎಂದು ನಾನು ಹಾರೈಸಿಯೂ ಇಲ್ಲ. ಇಳಕಲ್ಲಿನ ಮದುವೆಯೊಂದರಲ್ಲಿ ದಾಳಿಂಬರ ಬಣ್ಣದ ಸೀರೆಯ ಸಂಬಂಧಿಯೊಬ್ಬಳು, ನನಗೆ ಕೇಳಿಸುವಷ್ಟೇ ದನಿಯಲ್ಲಿ, "ಎಂಥಾ ಚಲೋ ಸೀರಿ, ಗೂಟಕ್ಕ ತೂಗಹಾಕ್ಯಾರ ನೋಡ" ಎಂದಳು. ಆಗ ಆಕೆ ಎರಡನೆಯ ಸಲ ಬುಂದಿ ಹಾಕಿಸಿಕೊಳ್ಳುತ್ತಿದ್ದಳು. ಮೂವತ್ತರ ವಯಸ್ಸಿನಲ್ಲಿ ತೋರಿಸಿದ ವೈದ್ಯರು ನನ್ನನ್ನು ಬಿಟ್ಟು ಅಪ್ಪನನ್ನು ನೋಡಿ "ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ" ಎಂದರು. ಐವತ್ತರಲ್ಲಿ ತೋರಿಸಿದವರು ಗ್ಯಾಸಿನ ಗುಳಿಗೆ ಬರೆದು, "ಈ ವಯಸ್ಸಿನ್ಯಾಗ ಡಯಟ್ ಯಾಕ್ರಿ ಅಕ್ಕೋರ?" ಎಂದು ನಕ್ಕರು. ಆ ನಗೆಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಪ್ಪು ಉತ್ತರ ಬರೆದ ಹುಡುಗನನ್ನೂ ನಾನು ಹಾಗೆ ನಕ್ಕು ಕಳಿಸಿದವಳಲ್ಲ.

ಕಳೆದ ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ, ಪೂಜೆ ಮುಗಿಸಿ ಏಳುವಾಗ ಕಣ್ಣಿಗೆ ಕತ್ತಲು ಕವಿಯಿತು. ಎಚ್ಚರವಾದಾಗ ತಲೆ ಕಮಲವ್ವನ ತೊಡೆಯ ಮೇಲಿತ್ತು. ಈಶ್ವರಪ್ಪ ತೀರ್ಥದ ತಂಬಿಗೆ ಹಿಡಿದು ನಿಂತಿದ್ದ. ಹಬ್ಬಕ್ಕೆಂದು ಬಂದಿದ್ದ ಅವನ ಮಗಳು ಗಿರಿಜಾ, ಬಾಗಲಕೋಟೆಯ ನವನಗರದಲ್ಲಿ ಸಂಸಾರ ಹೂಡಿರುವವಳು, ಆ ತಂಬಿಗೆಯನ್ನು ಅಪ್ಪನ ಕೈಯಿಂದ ಕಸಿದುಕೊಂಡಳು.

"ಅಪ್ಪಾ, ತೀರ್ಥ ಆಮ್ಯಾಲ. ಮೊದಲ ಗಾಡಿ ತರಸ್ರಿ. ಅತ್ತಿ ಮೈಯಾಗ ಏನೂ ಉಳದಿಲ್ಲ."

"ಒಪ್ಪತ್ತಿನ ನಿಶ್ಶಕ್ತಿ ಅದವಾ. ಸಂಜಿಗೆ ಉಂಡ್ರ ಎದ್ದು ಓಡ್ಯಾಡ್ತಾಳ."

"ಉಂಡ್ರ ಅಂತೀರಲ್ಲ, ಅತ್ತಿ ಉಣ್ಣೂದನ್ನ ನೀವು ಯಾವಾಗ ನೋಡೀರಿ?"

ಒಂದೇ ಸೂರಿನ ಕೆಳಗೆ ಇಷ್ಟು ಕಾಲ ಬಾಳಿದ ತಮ್ಮ ನೆನಪಿಗಾಗಿ ತಡಕಾಡುತ್ತಿದ್ದ. ಒಲೆಯ ಹತ್ತಿರ, ಗೋಡೆಗೆ ಬೆನ್ನು ಹಚ್ಚಿ, ಬಾಗಿಲ ಮೇಲೆ ಕಣ್ಣಿಟ್ಟು, ನಿಂತೇ ನಾಲ್ಕು ತುತ್ತು ನುಂಗುವುದು ನನ್ನ ರೂಢಿ. ಅದನ್ನು ಯಾರೂ ನೋಡಿರಲಿಲ್ಲ. ಯಾರೂ ನೋಡದಂತೆ ನಾನೇ ಕಾಪಾಡಿಕೊಂಡಿದ್ದೆ.

ಬಾಗಲಕೋಟೆಯ ದವಾಖಾನೆಯಲ್ಲಿ ಎಂಟು ದಿನ ಇರಿಸಿಕೊಂಡರು. ರಕ್ತ, ಮೂಳೆ, ಹೃದಯ ಎಲ್ಲವನ್ನೂ ಪರೀಕ್ಷಿಸಿದ ದೊಡ್ಡ ಡಾಕ್ಟರು, ಇನ್ನೊಂದು ಸಲ ಹೀಗೆ ಬಿದ್ದರೆ ಎಬ್ಬಿಸಿ ಕೂರಿಸುವ ಭರವಸೆ ತಮಗಿಲ್ಲ ಎಂದು ಗಿರಿಜಾಳಿಗೆ ಹೇಳಿದರು. ನನ್ನ ಕಿವಿಗಳು ಚುರುಕಾಗಿವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಿಡುಗಡೆಯ ದಿನ, ಮನಸ್ಸಿನ ಡಾಕ್ಟರನ್ನು ಕಂಡೇ ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ಮನಸ್ಸಿನ ಡಾಕ್ಟರು! ನನಗೆ ಉರಿ ಹತ್ತಿತು. ಪಾಠ ಹೇಳುವಾಗ ಒಂದು ಹೆಜ್ಜೆ ತಪ್ಪದ ತಲೆ ನನ್ನದು ಎಂದು ಗಿರಿಜಾಳಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಆಕೆ "ಹೂಂ ಅತ್ತಿ, ಚೀಟಿ ಹಿಡೀರಿ" ಎಂದಳು.

ಆ ಕೋಣೆಯ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಎರಡು ತಾಸು ಕಾದೆವು. ಪಕ್ಕದಲ್ಲಿ ಗುಡೂರಿನ ತಾಯಿ, ಮಗಳು. ತಾಯಿಯ ಹಣೆಯಲ್ಲಿ ಬೀರಪ್ಪನ ಗುಡಿಯ ಭಂಡಾರದ ಅರಿಸಿನ ಢಾಳಾಗಿತ್ತು. ಮಗಳು ಹತ್ತೊಂಬತ್ತರ ಹುಡುಗಿ. ಸೆಕೆಯ ದಿನದಲ್ಲೂ ಮೈತುಂಬ ಶಾಲು ಹೊದ್ದಿದ್ದಳು.

"ಒಂದ ವರ್ಷಾತ್ರಿ, ಕೂಳ ಮುಟ್ಟವಲ್ಲಳು" ಎಂದಳು ತಾಯಿ. "ಗಾಳಿ ಬಡದೈತಿ ಅಂದ್ರು. ಕುರಿ ಕೊಟ್ವಿ, ಅಂತ್ರ ಕಟ್ಟಿಸಿದ್ವಿ. ಹಿಂದಾಗಡೆ ಆಶಾ ಬಾಯಾರು ಇಲ್ಲಿಗೆ ಕಳಿಸಿದ್ರು. ನಿಮಗೇನ ಆಗೈತ್ರಿ ಯವ್ವಾ?"

"ನಿಶ್ಶಕ್ತಿ" ಎಂದೆ, ಬಿಗುವಾಗಿ.

ಆಕೆ ಚೀಲದಿಂದ ಬಿಸ್ಕೀಟಿನ ಪುಡಿಕೆ ತೆಗೆದು ಮೊದಲು ಮಗಳಿಗೆ ಚಾಚಿದಳು. ಹುಡುಗಿ ಬಲಗೈಯನ್ನು ಎದೆಯ ಹತ್ತಿರ ಮಡಚಿ, ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ, ಮೆಲ್ಲನೆ ನಕ್ಕಳು. ತಾಯಿ ಪುಡಿಕೆಯನ್ನು ನನ್ನತ್ತ ಚಾಚಿದಳು. ಬಲಗೈಯನ್ನು ಎದೆಯ ಹತ್ತಿರ ಮಡಚಿ, ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ, ನಾನು ಮೆಲ್ಲನೆ ನಕ್ಕೆ. ಅಷ್ಟರಲ್ಲಿ ಹುಡುಗಿಯ ಕಣ್ಣು ನನ್ನ ಮೇಲೆ ಬಿತ್ತು. ಕನ್ನಡಿಯಲ್ಲಿ ಕಂಡಂತೆ ಇಬ್ಬರೂ ಬೆಚ್ಚಿದೆವು.

"ನಿಮಗೂ ಹಿಂಗ ಆಗ್ತೈತೇನ್ರಿ?" ಎಂದು ಪಿಸುಗುಟ್ಟಿದಳು.

ಅರವತ್ತು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ ಅದು. ನಾನು ಹೌದೆಂದು ತಲೆಯಾಡಿಸಿದೆ. ಹುಡುಗಿ ಬೆಂಚಿನ ಮೇಲೆ ಒಂದು ಗೇಣು ನನ್ನತ್ತ ಸರಿದು ಕುಳಿತಳು. ಆಕೆಯ ಕಥೆ ಆಕೆಯದು, ಅದನ್ನು ಬರೆಯುವ ಹಕ್ಕು ನನಗಿಲ್ಲ. ಆದರೆ ಆ ಒಂದು ಗೇಣಿನ ಉಪಕಾರವನ್ನು ನಾನು ಮರೆಯುವುದಿಲ್ಲ. ನಾನು ಅವಮಾನಗಳನ್ನಷ್ಟೇ ನೆನಪಿಡುವವಳೆಂದು ಯಾರೂ ತಿಳಿಯಬಾರದು.

ಡಾಕ್ಟರು ಬಿಜಾಪುರ ಕಡೆಯ ಹೆಣ್ಣುಮಗಳು; ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ತೂಕದ ಮಾತೆತ್ತಲಿಲ್ಲ. ದೇವರ ಮಾತನ್ನೂ ಎತ್ತಲಿಲ್ಲ. ನನ್ನ ಒಪ್ಪತ್ತುಗಳ ಪಟ್ಟಿಯನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು, "ಈ ಒಪ್ಪತ್ತು ಶುರು ಆಗೂಕಿಂತ ಮೊದಲ, ನೀವು ಬ್ಯಾಡ ಅಂದ ಮೊಟ್ಟಮೊದಲ ತಿನಿಸು ಯಾವದ್ರಿ ಅಕ್ಕೋರ?" ಎಂದು ಕೇಳಿದರು.

"ಕರದಂಟು" ಎಂದೆ. ಯೋಚಿಸಿ ಹೇಳಿದ್ದಲ್ಲ, ನಾಲಿಗೆ ತಾನೇ ಹೇಳಿತು.

"ಯಾರು ಕೊಡ್ತಿದ್ರು?"

ಅಪ್ಪನ ಚಿಕ್ಕಪ್ಪನ ಮಗ, ನಮಗೆ ಕಾಕಾ. ನಮ್ಮ ಮನೆಯಲ್ಲಿ ನೇಯ್ದ ಖಣಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದ. ಹುನಗುಂದದ ಕಡೆಯ ಸುತ್ತಾಟ ಮುಗಿಸಿ ಬರುವಾಗ ಅಮೀನಗಡದ ಕರದಂಟು ತರುತ್ತಿದ್ದ. ಎಲ್ಲರಿಗೂ ನಡುಮನೆಯಲ್ಲಿ ಹಂಚಿ, ನನ್ನ ಪಾಲನ್ನು ಮಾತ್ರ ಒಳಗಿನ ನೂಲಿನ ಕೋಣೆಯಲ್ಲಿ ಕೊಡುತ್ತಿದ್ದ. ನನಗೆ ಎಂಟು ವರ್ಷ. ಆ ಕೋಣೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರಿಗೆ ಹೇಳಿದ್ದೇನೆ, ಅಷ್ಟು ಸಾಕು. ಅವನ ಹೆಸರನ್ನೂ ಬರೆಯುವುದಿಲ್ಲ. ಈ ಕಾಗದದ ಮೇಲೆ ಅದಕ್ಕೆ ಜಾಗವಿಲ್ಲ. ಬರೆಯಬೇಕಾದದ್ದು ಇಷ್ಟು: ಪ್ರತಿಸಲವೂ ಕೊನೆಗೆ ಅವನು ತನ್ನ ಕೈಯಿಂದಲೇ ಕರದಂಟನ್ನು ನನ್ನ ಬಾಯಿಗೆ ತುರುಕಿ, ಕೆನ್ನೆ ತಟ್ಟಿ, "ಬಾಯಾಗ ತುತ್ತಿದ್ದಾಗ ಮಾತಾಡಬಾರದು, ಹೌದಿಲ್ಲೊ?" ಎನ್ನುತ್ತಿದ್ದ. ಮನೆಯ ಎಲ್ಲ ಹಿರಿಯರೂ ಮಕ್ಕಳಿಗೆ ಕಲಿಸುವ ಶಿಸ್ತು ಅದು. ಅವನ ಬಾಯಿಂದ ಅದು ಬೀಗವಾಯಿತು.

ಒಮ್ಮೆ ಅವ್ವನಿಗೆ ಹೇಳಿದೆ. ಆಕೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ರಾಟೆಯ ಗಾಲಿ ನಿಂತಿತು. ನನ್ನ ಮುಖ ನೋಡದೆ "ಹಸದೀದಿ ನೀ. ಉಣ್ಣ ಬಾ" ಎಂದು ಎದ್ದು ಹೋಗಿ ತಾಟು ಹಚ್ಚಿದಳು. ನನ್ನ ಮಾತಿಗೆ ಉತ್ತರವಾಗಿ ರೊಟ್ಟಿ ಬಂತು. ಆ ರೊಟ್ಟಿಯನ್ನು ನಾನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಅಂದು ಸೋಮವಾರ. ಅಜ್ಜಿ ನೋಡಿ ಕೈ ಮುಗಿದಳು: "ಕೂಸು ತಾನಾಗಿ ಸೋಮವಾರ ಹಿಡದೈತಿ. ಯಾ ಜನ್ಮದ ಶರಣಿಯೋ!" ಹೀಗೆ ನನ್ನ ಕಾಯಿಲೆಗೆ ಹುಟ್ಟಿದ ಮರುದಿನವೇ ನೇಮವೆಂದು ನಾಮಕರಣವಾಯಿತು.

ನಾನು ಇಷ್ಟು ಹೇಳಿ ಮುಗಿಸಿದಾಗ ಡಾಕ್ಟರು ನೀರಿನ ಲೋಟವನ್ನು ನನ್ನ ಕೈಗೆ ಕೊಡದೆ, ಮೇಜಿನ ಮೇಲೆ ನನಗೆ ಎಟುಕುವಂತೆ ಇಟ್ಟರು.

"ಊಟದ ತ್ರಾಸು ಇರೋರಿಗೆಲ್ಲಾ ಹಿಂಗ ಆಗಿರ್ತೈತಿ ಅಂತ ನಾ ಅನ್ನಾಂಗಿಲ್ರಿ. ಆದ್ರ ಇಂಥಾದ್ದ ಹೊತಗೊಂಡ ಭಾಳ ಮಂದಿ ಹೆಣ್ಣಮಕ್ಕಳು ನೀವು ಕುಂತ ಕುರ್ಚಿ ಮ್ಯಾಲೇ ಕುಂತು ಹೋಗ್ಯಾರ. ನಿಮ್ಮ ಹೊಟ್ಟಿ ಏನೂ ತಪ್ಪು ಮಾಡಿಲ್ಲ ಅಕ್ಕೋರ. ಅದು ನಿಮ್ಮನ್ನ ಕಾಯಾಕ ಹೋಗಿ ಹಿಂಗ ಆಗೈತಿ."

ಭಾಳ ಮಂದಿ! ಇದೇ ಕುರ್ಚಿ! ಹಲವು ದಿನ ಬಗೆಹರಿಯದ ಲೆಕ್ಕವೊಂದರಲ್ಲಿ ಮೂರನೆಯ ಸಾಲಿನ ತಪ್ಪು ಒಮ್ಮೆಲೇ ಕಣ್ಣಿಗೆ ಬಿದ್ದಾಗ ಸೀಮೆಸುಣ್ಣ ಹಿಡಿದ ಕೈ ಹಲಗೆಯತ್ತ ತಾನೇ ಓಡುತ್ತದೆ. ಅಂದು ಬಾದಾಮಿಯ ಬಸ್ಸಿನಲ್ಲಿ ನನಗೆ ಸುಮ್ಮನೆ ಕೂಡಲಾಗಲಿಲ್ಲ. ನಾನು ಮೊಂಡಿಯಲ್ಲ, ಶರಣಿಯೂ ಅಲ್ಲ, ಗೂಟವೂ ಅಲ್ಲ. ನನಗೆ ಕಾಯಿಲೆ ಇತ್ತು, ಅದಕ್ಕೊಂದು ಆರಂಭವಿತ್ತು, ಆ ಆರಂಭ ನನ್ನದಾಗಿರಲಿಲ್ಲ. ಗಿರಿಜಾ ನನ್ನ ಮೊಣಕೈ ಹಿಡಿದು "ಅತ್ತೀ, ಸಾವಕಾಶ ಮಾತಾಡ್ರಿ, ಕಂಡಕ್ಟರ್ ನೋಡಾಕ ಹತ್ಯಾನ" ಎಂದಳು. "ನೋಡ್ಲಿ" ಎಂದೆ.

ವಾರಕ್ಕೊಮ್ಮೆ ಬಾಗಲಕೋಟೆಗೆ ಹೋಗತೊಡಗಿದೆ. ಡಾಕ್ಟರು ಮೊದಲಿಗೆ ಒಂದೇ ನಿಯಮ ಹಾಕಿದರು: ನನ್ನ ತಾಟಿಗೆ ಬೇರೆ ಯಾರೂ ಬಡಿಸಬಾರದು, ನನಗೆ ನಾನೇ ನೀಡಿಕೊಂಡು, ಕುಳಿತು ಉಣ್ಣಬೇಕು. ಇನ್ನೊಬ್ಬರ ಕೈ ನನ್ನ ತಾಟಿನ ಮೇಲೆ ಬಂದರೆ ಗಂಟಲು ಏಕೆ ಮುಚ್ಚುತ್ತಿತ್ತೆಂಬುದು ಈಗ ನಮ್ಮಿಬ್ಬರಿಗೂ ಗೊತ್ತಿತ್ತು. ಕೆಲವು ದಿನ ಸಾಧ್ಯವಾಯಿತು, ಕೆಲವು ದಿನ ಇಲ್ಲ. ಬೆಂಚಿನ ಮೇಲೆ ಗುಡೂರಿನ ಹುಡುಗಿ "ಅಕ್ಕೋರ, ನಂದು ಈ ವಾರ ಬೇಷ್" ಎಂದರೆ ನಾನು ಬಸ್ಸಿನ ಸುಸ್ತು ಮರೆಯುತ್ತಿದ್ದೆ. ಇಬ್ಬರದೂ ಚೆನ್ನಾಗಿಲ್ಲದ ವಾರಗಳಲ್ಲಿ ಇಬ್ಬರೂ ಕಿಟಕಿ ನೋಡುತ್ತಿದ್ದೆವು.

ಆದರೆ ಮನೆಯಲ್ಲಿ ಒಂದು ಅಡ್ಡಿ ಇತ್ತು. ಮಾನವಮಿ ಅಮಾವಾಸ್ಯೆಯಂದು ನಾವು ಗತಿಸಿದ ಹಿರಿಯರ ಫೋಟೊಗಳ ಮುಂದೆ ಎಡೆ ಇಡುತ್ತೇವೆ. ನಡುಮನೆಯ ಗೋಡೆಯಲ್ಲಿ ಆರು ಫೋಟೊ, ಆರನೆಯದು ಕಾಕಾನದು. ನೇಮದವಳೆಂಬ ಕಾರಣಕ್ಕೆ ಎಡೆ ಇಡುವ ಗೌರವ ಪ್ರತಿವರ್ಷವೂ ನನಗೇ ಸಲ್ಲುತ್ತಿತ್ತು. ಬಾಳೆಯೆಲೆಯ ಮೇಲೆ ಹೋಳಿಗೆ, ತುಪ್ಪ, ಕಡುಬು ಬಡಿಸಿ ಅವನ ಮುಂದೆ ಇಟ್ಟು ಕೈ ಮುಗಿದವಳು ನಾನು! ಇದನ್ನು ನೆನೆದಾಗಲೆಲ್ಲ ಈಗಲೂ ಮೈಯೆಲ್ಲ ಕೆಂಡವಾಗುತ್ತದೆ. ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ತಮ್ಮನನ್ನೂ ಕಮಲವ್ವನನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ.

ಈಶ್ವರಪ್ಪ ಗೋಡೆಯ ಆರನೆಯ ಫೋಟೊದತ್ತ ನೋಡಿದ. "ಸತ್ತು ಮಣ್ಣಾದವನ ಮ್ಯಾಲ ಈಗ ಯಾಕವಾ ಅಕ್ಕಾ? ನನ್ನ ಧಾರವಾಡಕ್ಕ ಕಳಿಸಿ ಓದಿಸಿದವ ಅಂವ. ಇಷ್ಟ ವರ್ಷ ಸುಮ್ನ ಇದ್ದಿ..."

"ಸುಮ್ನ ಇರಲಿಲ್ಲ ಈಶಪ್ಪಾ. ಉಣ್ಣಲಿಲ್ಲ. ನಿಮಗ ಅದು ಕೇಳಿಸಲಿಲ್ಲ" ಎಂದೆ. "ಅವನ ಮುಂದ ಎಡಿ ಇಡೂ ಮನ್ಯಾಗ ಇನ್ನ ಮ್ಯಾಲ ನನ್ನ ಗಂಟಲ ಇಳಿಯೂದಿಲ್ಲ. ಡಾಕ್ಟರು ಏನ್ ಹೇಳ್ಯಾರ ಅನ್ನೂದು ನಿನಗೂ ಗೊತ್ತೈತಿ."

ಅವನು ಎದ್ದು ಹೊರಗೆ ಹೋದ. ಚಪ್ಪಲಿ ಮೆಟ್ಟದೆ ಹೋದ. ನಾಲ್ಕು ದಿನ ಅವನೂ ಮಾತಾಡಲಿಲ್ಲ, ನಾನೂ ಸರಿಯಾಗಿ ಉಣ್ಣಲಿಲ್ಲ.

ಅಮಾವಾಸ್ಯೆಯಂದು ಕಮಲವ್ವ ಎಡೆಯ ಎಲೆಗಳನ್ನು ತಾನೇ ಹಾಸಿದಳು. ಐದು. ಈಶ್ವರಪ್ಪ ಎಣಿಸಿದ. "ಇನ್ನೊಂದು?" ಎಂದ.

"ಐದ ಹಾಕೇನಿ" ಎಂದಳು. ಮೂವತ್ತೈದು ವರ್ಷಗಳಲ್ಲಿ ಗಂಡನ ಎದುರು ಆಕೆಯ ದನಿ ಏರಿದ್ದನ್ನು ನಾನು ಕಂಡಿರಲಿಲ್ಲ, ಅಂದೂ ಏರಲಿಲ್ಲ. "ನಾ ಸೊಸಿಯಾಗಿ ಗುಳೇದಗುಡ್ಡದ ಮನಿಗೆ ಕಾಲಿಟ್ಟ ಮೂರನೇ ದಿನ ಅತ್ತಿ ನನ್ನ ಕರದು, 'ನಿಮ್ಮ ಕಾಕಾ ಇದ್ದಾಗ ನೂಲಿನ ಕ್ವಾಣಿಗೆ ಒಬ್ಬಾಕಿ ಹೋಗಬ್ಯಾಡ' ಅಂದಿದ್ರು. ಯಾಕ ಅಂತ ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ. ಈಗ ನನಗ ತಿಳೀತು."

ಅವ್ವ ನನ್ನನ್ನು ನಂಬಿದ್ದಳು! ರಾಟೆ ನಿಲ್ಲಿಸಿದ ಆ ಗಳಿಗೆಯಲ್ಲೇ ನಂಬಿದ್ದಳು. ಮೊದಲಿಗೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದರ ಬೆನ್ನಿಗೇ ಅಷ್ಟೇ ಸಿಟ್ಟು. ಸೊಸೆಗೆ ಕೊಟ್ಟ ಎಚ್ಚರಿಕೆಯನ್ನು ಮಗಳಿಗೆ ಏಕೆ ಕೊಡಲಿಲ್ಲ? ಅವನನ್ನು ಹೊಸ್ತಿಲಾಚೆ ಏಕೆ ಹಾಕಲಿಲ್ಲ? ಐದು ಫೋಟೊಗಳಲ್ಲಿ ಅವ್ವನೂ ಇದ್ದಳು. ಆಕೆಯ ಎಡೆಯನ್ನು ಅಂದು ನಾನೇ ಇಟ್ಟೆ. ಕ್ಷಮಿಸಿ ಇಟ್ಟೆನೆಂದು ಸುಳ್ಳು ಹೇಳಲಾರೆ. "ನನಗ ಇದನ್ನ ಅವತ್ತ ಹೇಳಬೇಕಿತ್ತು" ಎಂದು ಹೇಳಿ ಇಟ್ಟೆ.

ತಮ್ಮ ಮೇಜಿನ ಮೇಲೆ ಹತ್ತಿ ಆರನೆಯ ಫೋಟೊ ಇಳಿಸಿದ. ಅದನ್ನು ಎಸೆಯಲಿಲ್ಲ, ತನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ದಾನೆ. ಇದನ್ನೂ ನಾನು ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದೇನೆ.

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಹೊಲದ ನಾಲ್ಕೂ ದಿಕ್ಕಿಗೆ ಅಡುಗೆಯ ಚರಗ ಚೆಲ್ಲಿ, ಭೂಮಿಗೆ ಉಣಿಸಿ, ಆಮೇಲೆ ಮನುಷ್ಯರು ಉಣ್ಣುತ್ತಾರೆ. ಹೊಲದ ಊಟದ ಸೊಬಗೇ ಒತ್ತಾಯ. ಬೇಡವೆಂದಷ್ಟೂ ತಾಟಿಗೆ ಬೀಳುತ್ತದೆ. ಬಡಿಸುವವರು ಸೋತರೆ ಅವರಿಗೇ ಅವಮಾನ. ಆ ಕಾರಣದಿಂದಲೇ ನಾನು ಅರವತ್ತು ವರ್ಷ ಆ ದಿನ ತಪ್ಪದೆ ಒಪ್ಪತ್ತು ಮಾಡಿದ್ದೆ. ಈ ಸಲ ಬುತ್ತಿಯ ಬುಟ್ಟಿ ಬಿಚ್ಚುತ್ತಿದ್ದಂತೆ, ಪಕ್ಕದ ಹೊಲದಿಂದ ಬಂದಿದ್ದ ದೊಡ್ಡಮ್ಮನ ಸೊಸೆ ರೊಟ್ಟಿ ಹಿಡಿದು ನನ್ನತ್ತ ಬಾಗಿದಳು. ನನ್ನ ಬಲಗೈ ಎದೆಯ ಹತ್ತಿರ ಮಡಚಿಕೊಂಡಿತು.

"ವೈನೀ, ತಡೀರಿ" ಎಂದ ಈಶ್ವರಪ್ಪ. ಚರಗ ಚೆಲ್ಲಿ ಬಂದವನ ಕೈ ಇನ್ನೂ ಒದ್ದೆಯಾಗಿತ್ತು. "ನಮ್ಮ ಅಕ್ಕನ ತಾಟಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಬುಟ್ಟಿ ಆಕಿ ಮುಂದ ಇಡ್ರಿ. ಆಕಿ ತನಗ ಬೇಕಾದ್ದ ತಾನ ನೀಡ್ಕೋತಾಳ."

"ಇದೆಂಥಾ ಹೊಸಾ ಪದ್ಧತೀಪಾ?"

"ನಮ್ಮ ಮನೀದು. ಈ ವರ್ಷದಿಂದ."

ನಮ್ಮ ತಮ್ಮ ಕ್ಷಮೆ ಕೇಳುವ ಗಂಡಸಲ್ಲ. ಈತನಕ ಕೇಳಿಲ್ಲ. ಆದರೆ ಬುಟ್ಟಿ ಎಳೆದು ನನ್ನ ಮುಂದೆ ಇಟ್ಟು, ತನ್ನ ತಾಟನ್ನು ಹಿಡಿದು ನನ್ನ ಪಕ್ಕದಲ್ಲಿ ಕುಳಿತ, ಗೋಡೆಯಿಲ್ಲದ ಆ ಬಯಲಿನಲ್ಲಿ ನನ್ನ ಬೆನ್ನಿಗೆ ಆಸರೆಯಾಗುವಷ್ಟು ಹತ್ತಿರಕ್ಕೆ. ನಾನು ರೊಟ್ಟಿ ತೆಗೆದುಕೊಂಡೆ. ಎಣಗಾಯಿ ನೀಡಿಕೊಂಡೆ. ಮುರಿದೆ. ಉಂಡೆ.

"ಏನ್ರಿ ನೇಮದ ಅಕ್ಕೋರ!" ಎಂದಳು ದೊಡ್ಡಮ್ಮನ ಸೊಸೆ. "ಇವತ್ತ ಒಪ್ಪತ್ತ ಇಲ್ಲೇನ?"

"ಇಲ್ವಾ. ಇವತ್ತ ನನಗ ಹಸಿವಿ ಆಗೈತಿ" ಎಂದೆ. ತುತ್ತು ಇನ್ನೂ ಬಾಯಲ್ಲೇ ಇತ್ತು, ಮಾತು ಅದರ ಸುತ್ತ ತೊಡರಿಕೊಂಡು ಹೊರಬಂತು.

ಗಿರಿಜಾಳ ಮಗಳು ಎದುರಿಗೆ ಕುಳಿತಿದ್ದಳು. ಅವಳಿಗೆ ಎಂಟು ವರ್ಷ. ಕಣ್ಣರಳಿಸಿ ನನ್ನತ್ತ ಬೆರಳು ತೋರಿಸಿದಳು: "ಆಯೀ! ಬಾಯಾಗ ತುತ್ತಿದ್ದಾಗ ಮಾತಾಡಬಾರದು!"

ಸಾಲಿನಲ್ಲಿ ಎಲ್ಲರೂ ನಕ್ಕರು. ಕಮಲವ್ವ ನಗಲಿಲ್ಲ. ಈಶ್ವರಪ್ಪನ ಕೈ ತಾಟಿನ ಮೇಲೆ ನಿಂತಿತು.

ನಾನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೆ, ದೊಡ್ಡದನ್ನೇ. ಮಗುವಿನತ್ತ ಬಾಗಿ, ಬಾಯ್ತುಂಬ ರೊಟ್ಟಿ ಇರುವಂತೆಯೇ, ಸಾಲಿನ ಕೊನೆಯವರೆಗೂ ಕೇಳಿಸುವ ದನಿಯಲ್ಲಿ ಹೇಳಿದೆ:

"ಮಾತಾಡಬೇಕವಾ. ಹೇಳೂ ಮಾತ ಇದ್ರ, ಯಾರ ಬ್ಯಾಡ ಅಂದ್ರೂ, ಬಾಯಾಗ ಏನ ತುರುಕಿದ್ರೂ, ಮಾತಾಡಬೇಕು. ತಿಳೀತೇನ?"

"ತಿಳೀತು" ಎಂದಳು ಮಗು, ತನ್ನ ಬಾಯಿಗೂ ಒಂದು ತುಂಡು ಹೋಳಿಗೆ ಹಾಕಿಕೊಂಡು.